ಹಾವುಮೀನಿಗೆ ಒಬ್ಬನೇ ಸಾಕ್ಷಿ

ಮನೋಳಿಯ ಮೆಹಬೂಬಸಾಬ ಮಲಪ್ರಭೆಯ ಮಡುವಿನಲ್ಲಿ ಹಾವುಮೀನು ಕಂಡು ಹನ್ನೊಂದು ವರ್ಷವಾಗಿತ್ತು. ಅಂದು ಅವನ ಹೆಂಡತಿ ಬಿಬಿಜಾನಳೂ ಪಕ್ಕದಲ್ಲಿದ್ದಳು. ಅವಳು ತೀರಿಕೊಂಡ ಮೇಲೆ ಆ ಮೀನಿಗೆ ಇವನೊಬ್ಬನೇ ಸಾಕ್ಷಿ.

"ನೀರಹಾವು ನೋಡಿ ಮೀನ ಅಂದಿ. ನಾಳೆ ಎಮ್ಮಿ ನೋಡಿ ಆನಿ ಅಂತಿ," ಎಂದು ಗೆಳೆಯ ಗೌತಮ ಕಾಡಿಸುತ್ತಿದ್ದ. ಊರಿನ ಗ್ರಂಥಾಲಯ ನೋಡಿಕೊಳ್ಳುವ ಗೌತಮ ಓದಿಕೊಂಡವನು. ಹಾವುಮೀನು ಹುಟ್ಟುವುದು ಕಡಲಲ್ಲಿ. ಮರಿಯಾಗಿ ಹೊಳೆ ಏರಿ ಬಂದು, ಮುಪ್ಪಿನಲ್ಲಿ ಮೊಟ್ಟೆಯಿಡಲು ಕಡಲಿಗೇ ಮರಳಬೇಕು. ನಡುವೆ ಎಷ್ಟೊಂದು ಅಣೆಕಟ್ಟು!

"ಹೆಂಗೋ ಬಂದೈತಿ. ಹೋಗಾಕ ದಾರಿ ಇಲ್ದ ಕುಂತೈತಿ, ನನ್ಹಂಗ. ಒಮ್ಮೆ ಬಾರೋ, ತೋರಸ್ತೇನಿ."

ಗೌತಮ ಹೋಗಲಿಲ್ಲ.

ಹೋದ ವರ್ಷ, ಕಡಲಿನಿಂದ ಹೊಳೆಗೆ ಬರುವ ಮೀನುಗಳನ್ನು ಹುಡುಕುತ್ತ ಉಮಾಶ್ರೀ ಎಂಬ ಸಂಶೋಧಕಿ ಬಂದಳು. ಮೀನು ಹಿಡಿಯಬೇಕಾಗಿಲ್ಲ, ಅದರ ಮೈಯಿಂದ ಉದುರಿದ ಲೋಳೆ, ಚರ್ಮದ ಕಣ ನೀರಿನಲ್ಲಿರುತ್ತದೆ. ನೀರು ಸೋಸಿ ಆ ಡಿಎನ್‌ಎ ಓದಿದರೆ ಒಳಗೆ ಯಾರಿದ್ದಾರೆಂದು ತಿಳಿಯುತ್ತದೆ. ಟೆಂಪೊ ಓಡಿಸುವುದನ್ನು ಬಿಟ್ಟು ಕುಳಿತಿದ್ದ ಮೆಹಬೂಬಸಾಬ ಬಾಟಲಿ ತುಂಬುವ ಕೆಲಸಕ್ಕೆ ತಾನೇ ಮುಂದಾದ.

ಮೊದಲ ಫಲಿತಾಂಶ ಫೋನಿನಲ್ಲಿ ಬಂತು.

"ಕಾಕಾ, ಹಾವುಮೀನ ಇಲ್ರಿ. ಬಂಗಡಿ ಐತಿ! ಸಮುದ್ರದ ಬಂಗಡಿ ಮಲಪ್ರಭಾದಾಗ ಹೆಂಗ ಬಂತ್ರಿ?"

ಗೌತಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮೆಹಬೂಬಸಾಬ ನಗಲಿಲ್ಲ. ಹೊಳೆ ಮುಟ್ಟುವ ಮೊದಲು ಬುತ್ತಿಯ ಮೊದಲ ತುತ್ತು ಮಡುವಿಗೆ ಹಾಕುವುದು ಬಿಬಿಜಾನಳ ರೂಢಿ. ಅಂದೂ ಅವನು ರೊಟ್ಟಿಯ ಜೊತೆ ಒಣ ಬಂಗಡಿಯ ಚಟ್ನಿ ಹಾಕಿ, ಅದೇ ಕೈಯಿಂದ ಬಾಟಲಿ ಮುಳುಗಿಸಿದ್ದ.

"ಗ್ಲೌಸ್ ಕೊಟ್ಟಿದ್ನೆಲ್ರಿ?"

"ಗ್ಲೌಸ್ ಹಾಕ್ಕೊಂಡ ತುತ್ತ ಕೊಡಾಕ ಬರತೈತೇನವಾ?"

ಬಂಗಡಿಯ ಗದ್ದಲದಲ್ಲಿ ಬೇರೆಯದರ ಸುಳಿವು ಮುಚ್ಚಿಹೋಗಿರಬಹುದು, ಒಂದು ತಿಂಗಳು ಹೊಳೆಗೆ ಏನೂ ಹಾಕದೆ ಮತ್ತೆ ತುಂಬಿಕೊಡಿ ಎಂದಳು ಉಮಾಶ್ರೀ.

ಆ ತಿಂಗಳು ಅವನು ದಿನವೂ ಮಡುವಿನ ದಂಡೆಯಲ್ಲಿ ಬುತ್ತಿಯ ಗಂಟು ಬಿಚ್ಚದೆ ಕುಳಿತು ಬಂದ. "ಬಿಬಿ ಕೇಳಿದ್ರ ಏನ ಹೇಳ್ಲೋ?" ಎಂದು ಒಮ್ಮೆ ಗೌತಮನನ್ನು ಕೇಳಿದ. ತಿಂಗಳು ತುಂಬಿದ ದಿನ ಮೆಹಬೂಬಸಾಬ ಗ್ಲೌಸ್ ಹಾಕಿಕೊಂಡು ಬಾಟಲಿ ತುಂಬಿ ಕಳಿಸಿದ.

ಮೂರು ವಾರ ಕಳೆದು ಮೆಹಬೂಬಸಾಬನ ಫೋನಿಗೆ ಮತ್ತೆ ಕರೆ ಬಂದಾಗ ಎತ್ತಿದವನು ಗೌತಮ.

"ಹಾವುಮೀನ ಐತ್ರಿ! ಕಾಕಾಗ ಕೊಡ್ರಿ ಫೋನ."

ಮೆಹಬೂಬಸಾಬನನ್ನು ಮಣ್ಣು ಮಾಡಿ ಆರು ದಿನವಾಗಿತ್ತು. ಗೌತಮ ಅದನ್ನು ಹೇಳಿದ.

"ಮತ್ತೇನ ಸಿಕ್ಕೈತಿ ನೀರಾಗ?" ಎಂದು ಆಮೇಲೆ ಅವನೇ ಕೇಳಿದ.

"ಇನ್ನ ನಾಕ ಜಾತಿ ಮೀನ್ರಿ. ಮನಷ್ಯಾರದೂ ಒಂಚೂರು ಬಂದೈತಿ, ತುಂಬಿದವರದ ಇರಬೇಕು. ಅದನ್ನ ಪಟ್ಟಿಯಿಂದ ತಗದ ಹಾಕತೇವಿ."

"ಇದೊಂದ ಸಲ ಇರ್ಲಿ ಬಿಡವಾ."

ಹಾಗೆ ಬಿಡಲು ಬರುವುದಿಲ್ಲ ಎಂದು ಅವಳು ಮೆಲ್ಲಗೆ ಹೇಳಿದಳು.

ಮರುದಿನ ಗೌತಮ ಮೊದಲ ಬಾರಿಗೆ ಮಡುವಿಗೆ ಹೋದ. ಕಲ್ಲಿನ ಮೇಲೆ ಕುಳಿತು ಬಿಸಿಲೇರುವವರೆಗೆ ನೀರು ನೋಡಿದ. ಏನೂ ಕಾಣಲಿಲ್ಲ. ಎಲ್ಲಿ ನೋಡಬೇಕೆಂದು ತೋರಿಸುವವನು ಇರಲಿಲ್ಲ.