ಮೊಣಕಾಲು ತಾಗುವಷ್ಟು ದೂರ
ಕಾರ್ಕಳದ ಕಡೆಯ ಮದುವೆಯಲ್ಲಿ ಜೋಡಿ ಸ್ಯಾಕ್ಸೋಫೋನ್ ಇದೆಯೆಂದರೆ, ಐನೂರು ಜನರಿಗೆ ಬಡಿಸುವುದಕ್ಕಿಂತ ಭೋಜ ಶೇರಿಗಾರರನ್ನು ಕೂರಿಸುವುದೇ ದೊಡ್ಡ ಕೆಲಸ. ಅಡ್ವಾನ್ಸ್ ಕೊಡುವ ಮೊದಲು ಸೈಟು ನೋಡುವವರಂತೆ ಅವರು ವೇದಿಕೆಯ ನಾಲ್ಕು ಮೂಲೆಗೂ ನಡೆಯುತ್ತಾರೆ. ಫ್ಯಾನಿನ ಕೆಳಗೆ ಬೇಡ, ಸ್ಪೀಕರಿನ ಮುಂದೆ ಬೇಡ, ಮದುಮಕ್ಕಳಿಗೆ ಬೆನ್ನು ಹಾಕುವಂತಿಲ್ಲ. ಹಿರಿಯರಾದ್ದರಿಂದ ಬಲಗಡೆ ಅವರಿಗೆ, ಎಡಗಡೆ ತಂಗಿಯ ಮಗ ಶ್ರವಣನಿಗೆ. ಅಲ್ಲಿಗೂ ಮುಗಿಯದೆ, "ಹತ್ತಿರ ಬಾ ಮಾರಾಯ, ನಾನೇನು ಕಚ್ಚುತ್ತೇನಾ?" ಎಂದು ಅವನನ್ನು ಇಂಚಿಂಚಾಗಿ ಎಳೆದುಕೊಳ್ಳುತ್ತಾರೆ. ಅಷ್ಟು ದೊಡ್ಡ ವೇದಿಕೆಯಲ್ಲಿ ಇಬ್ಬರೂ ಹೆಬ್ರಿ ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿದವರ ಹಾಗೆ ಕಾಣುತ್ತಾರೆ. ಚಕ್ಕಳಮಕ್ಕಳ ಕುಳಿತ ಇಬ್ಬರ ಮೊಣಕಾಲು ತಾಗಿದ ಮೇಲೆಯೇ ಭೋಜರು ವಾದ್ಯವನ್ನು ಬಾಯಿಗಿಡುವುದು. ಮುದುಕನ ಹಠವೆಂದು ಜನ ನಗುತ್ತಾರೆ. ಆದರೆ ಅರುವತ್ತೆಂಟರ ಭೋಜರಿಗೆ ಈಗ ಉದ್ದದ ಸ್ವರಕ್ಕೆ ಉಸಿರು ಸಾಲುವುದಿಲ್ಲ. ಮುಗಿಯುತ್ತ ಬಂದಾಗ ಮೊಣಕಾಲಿನಿಂದ ಒತ್ತುತ್ತಾರೆ, ಶ್ರವಣ್ ಆ ಸ್ವರವನ್ನು ಬಿರುಕು ಬಿಡದಂತೆ ಎತ್ತಿಕೊಳ್ಳುತ್ತಾನೆ. ಇದು ಬಯಲಾದರೆ ಮುಂದೆ ಯಾರೂ ಕರೆಯುವುದಿಲ್ಲವೆಂದು ಅವರಿಗೆ ಗೊತ್ತು. ಮೊನ್ನೆ ಹಿರಿಯಡ್ಕದಲ್ಲಿ ವಿಡಿಯೋದ ರಿತೇಶ್, "ಸ್ವಲ್ಪ ದೂರ ಕೂತ್ಕೊಳ್ಳಿ, ಇದೆಂತ ಗಮ್ ಹಾಕಿ ಅಂಟಿಸಿದ ಹಾಗೆ?" ಎಂದಾಗ ಭೋಜರ ಮುಖ ಬಾಡಿತು. ಶ್ರವಣ್ ಕದಲಲಿಲ್ಲ. "ಆಗುವುದಿಲ್ಲ. ನನಗೆ ದಮ್ಮು ಕಮ್ಮಿ ಉಂಟು. ಮಾವನಿಗೆ ತಾಗಿ ಕೂತರೆ ಮಾತ್ರ ನನ್ನಿಂದ ನುಡಿಸಲಿಕ್ಕೆ ಆಗುವುದು" ಎಂದ, ಊಟದ ಹಾಲ್‌ವರೆಗೆ ಕೇಳುವಷ್ಟು ಗಟ್ಟಿಯಾಗಿ.