ಬಾಗಿಲು ಬಡಿಯುವ ದುರ್ಗವ್ವ

ಬಾಪೂಜಿ ನಗರದ ಗಲ್ಲಿಗೆ ಇನ್ನೂ ಬೆಳಕು ಹರಿದಿಲ್ಲ. ಶೀಟ್ ಮನೆಯೊಂದರ ಬಾಗಿಲು ಬಡಿದು ದುರ್ಗವ್ವ, "ಏಳವ್ವಾ, ಕ್ಲಾಸಿಗೆ ಹೊತ್ತಾತು" ಎನ್ನುತ್ತಾರೆ. ಒಳಗಿನಿಂದ ಗಂಡಸಿನ ಬೈಗುಳ ಕೇಳಿಸುತ್ತದೆ. ಹುಡುಗಿ ಮುಖ ತೊಳೆದು, ಪುಸ್ತಕ ಹಿಡಿದು ಹೊರಬರುವವರೆಗೆ ದುರ್ಗವ್ವ ಅಲ್ಲೇ ನಿಂತಿರುತ್ತಾರೆ.

ಶಾಲೆ ಬಿಟ್ಟ ಹುಡುಗಿಯರಿಗೆ ಇಲ್ಲಿನ ಮಹಿಳಾ ಸೇವಾ ಕ್ಲಬ್ ದಿನಾ ಮುಂಜಾನೆ ಎಸ್ಸೆಸ್ಸೆಲ್ಸಿ ಪಾಠ ಹೇಳಿಕೊಡುತ್ತದೆ. ಪಾಠ ಮುಗಿದರೆ ಅವರು ಅಮ್ಮಂದಿರ ಜೊತೆ ಮನೆಗೆಲಸಕ್ಕೆ ಹೊರಡಬೇಕು. ದುರ್ಗವ್ವನಿಗೆ ಸಂಬಳ ಇರುವುದು ಕ್ಲಬ್ಬಿನ ಹಾಲ್ ಗುಡಿಸುವುದಕ್ಕೆ ಮಾತ್ರ. ಮನೆ ಮನೆಗೆ ಹೋಗಿ ಹುಡುಗಿಯರನ್ನು ಕರೆತರುವುದು ಅವರೇ ಮೈಮೇಲೆ ಹಾಕಿಕೊಂಡ ಕೆಲಸ.

"ಏಳನೇತ್ತಾ ಓದೂವಾಗ ನನ್ನ ಲಗ್ನ ಮಾಡಿದ್ರು. ಬ್ಯಾಡ ಅನ್ನಾಕ ನನ್ನ ಕಡೀಗೆ ಯಾರೂ ಇರಲಿಲ್ರೀ" ಎನ್ನುತ್ತಾರೆ, ಕೊಪ್ಪಳದ ಕಡೆಯಿಂದ ಬಂದು ಇಲ್ಲೇ ಮುದುಕಿಯಾಗುತ್ತಿರುವ ದುರ್ಗವ್ವ.

ಕಳೆದ ವರ್ಷ ಕ್ಲಾಸಿಗೆ ಬರುತ್ತಿದ್ದ ಹದಿನಾರರ ಹುಲಿಗೆಮ್ಮ, ತನಗೆ ಮದುವೆ ಗೊತ್ತುಮಾಡಿದ್ದಾರೆಂದು ದುರ್ಗವ್ವನ ಸೆರಗು ಹಿಡಿದು ಅತ್ತಳು. ದುರ್ಗವ್ವ ಕ್ಲಬ್ಬಿನ ಅಧ್ಯಕ್ಷೆ ಗಿರಿಜಾದೇವಿಯವರಿಗೆ ತಿಳಿಸಿದರು. ಅವರು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಅಧಿಕಾರಿಗಳು ಬಂದು, ಹುಡುಗಿಯ ತಂದೆ ದ್ಯಾಮಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡು ಮದುವೆ ನಿಲ್ಲಿಸಿದರು. ತಿಂಗಳು ತುಂಬುವುದರೊಳಗೆ ಅವನು ಮಗಳನ್ನು ಊರಿಗೆ ಕರೆದೊಯ್ದು, ಗುಟ್ಟಾಗಿ ತಾಳಿ ಕಟ್ಟಿಸಿಬಿಟ್ಟ.

"ಮತ್ತೆ ದೂರು ಕೊಟ್ಟಿದೀವಿ. ಹುಡುಗಿ ಎಲ್ಲಿದಾಳೆ ಅಂತಾನೇ ಇನ್ನೂ ಗೊತ್ತಾಗಿಲ್ಲ" ಎಂದು ಗಿರಿಜಾದೇವಿ ತಲೆ ತಗ್ಗಿಸುತ್ತಾರೆ.

ಮನೆ ಮರ್ಯಾದೆ ಬೀದಿಗೆ ತಂದವಳು ಎಂದು ಗಲ್ಲಿಯ ಜನ ದುರ್ಗವ್ವನನ್ನು ದೂರ ಇಟ್ಟರು. ಅರ್ಧಕ್ಕರ್ಧ ಹುಡುಗಿಯರು ಕ್ಲಾಸಿಗೆ ಬರುವುದನ್ನೇ ಬಿಟ್ಟರು. ನೀರು ಹಿಡಿಯುವಾಗ ಹುಲಿಗೆಮ್ಮನ ತಾಯಿ ಎದುರಾದರೆ ಮುಖ ತಿರುಗಿಸಿಕೊಳ್ಳುತ್ತಾಳೆ.

"ನಾ ಸುಮ್ಮನಿದ್ದಿದ್ರ ಆ ಹುಡುಗಿ ಎಲ್ಲಿ ಐತಿ ಅಂತನಾರ ಗೊತ್ತಿರ್ತಿತ್ತೇನೋ ಅನಸ್ತೈತ್ರೀ. ಉಣ್ಣಾಕ ಕುಂತ್ರ ತುತ್ತು ಇಳಿಯಂಗಿಲ್ಲ" ಎನ್ನುತ್ತಾರೆ ದುರ್ಗವ್ವ. ಆದರೂ ಬೆಳಗಾಗುವ ಮುಂಚೆ ಹೊರಡುವುದನ್ನು ಮಾತ್ರ ಬಿಟ್ಟಿಲ್ಲ.

ಹೋದ ಸೋಮವಾರ ಪಾಠ ನಡೆಯುತ್ತಿದ್ದಾಗ ಹುಲಿಗೆಮ್ಮನ ಅದೇ ತಾಯಿ ಕ್ಲಬ್ಬಿನ ಹಾಲ್ ಬಾಗಿಲಿಗೆ ಬಂದಳು. ಜೊತೆಗೆ, ದ್ಯಾಮಪ್ಪ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಡಿಸಿದ್ದ ಕಿರಿಮಗಳು. ಅವಳನ್ನು ಮೆಲ್ಲಗೆ ಒಳಗೆ ದೂಡಿ, ತಾಯಿ ಬಂದ ದಾರಿಯಲ್ಲೇ ಹೊರಟುಹೋದಳು.

"ಗಂಡಗ ಹೇಳದ ಬಂದಿರ್ಬೇಕು. ನನ್ ಕೂಡ ಒಂದ್ ಮಾತೂ ಆಡ್ಲಿಲ್ಲ" ಎನ್ನುತ್ತಾ ದುರ್ಗವ್ವ ಪೊರಕೆ ಕೈಗೆತ್ತಿಕೊಳ್ಳುತ್ತಾರೆ. "ಆದ್ರ ಮಗಳನ್ನ ನನ್ನ ಕಡೀಗೇ ತಂದು ಬಿಟ್ಳಲ್ರೀ."