ಅತ್ತಿಗೆ ಚುನಾವಣೆಗೆ ನಿಂತದ್ದೇಕೆ

ನಲವತ್ತನಾಲ್ಕನೇ ವಯಸ್ಸಿನಲ್ಲಿ ನನ್ನ ಅತ್ತಿಗೆ ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಂತಾಗ ಮೊದಲು ಅನುಮಾನಪಟ್ಟವನು ನಾನೇ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಅದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನನ್ನದು ವರ್ಷವರ್ಷವೂ ಮುಂದುವರಿಸಬೇಕಾದ ತಾತ್ಕಾಲಿಕ ಕೆಲಸ. ಅಂಥ ಕೆಲಸದಲ್ಲಿರುವವನು ತಲೆಯ ಮೇಲಿನ ಫ್ಯಾನು ನಿಧಾನವಾದರೂ ಇದರ ಹಿಂದೆ ಯಾರದೋ ಕೈವಾಡವಿದೆ ಅಂದುಕೊಳ್ಳುತ್ತಾನೆ.

ಅತ್ತಿಗೆ ಇಪ್ಪತ್ತು ವರ್ಷ ಶಾಲಾ ಮಕ್ಕಳ ಸಮವಸ್ತ್ರ ಹೊಲಿದವರು. ಮಗಳ ಓದು ಮುಗಿದ ದಿನ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, "ಇನ್ನು ನನ್ನ ಸರದಿ" ಎಂದು ಪದವಿಗೆ ಸೇರಿದರು. "ಓದ್ಲಿ ಬಿಡು, ಮನೇಲಿ ದಿನಾ ನನ್ನ ಪರೀಕ್ಷೆ ಮಾಡೋದಾದ್ರೂ ತಪ್ಪುತ್ತೆ" ಎಂದ ನನ್ನಣ್ಣ.

ನಮ್ಮ ವಿಶ್ವವಿದ್ಯಾಲಯ ಸಣ್ಣದು, ಆದರೆ ಬೆಳೆಯುವ ಹುಡುಗನ ಹಾಗೆ ವರ್ಷಕ್ಕೊಂದು ಅಳತೆ ಮೀರುತ್ತಿತ್ತು. ಅತ್ತಿಗೆಯ ತರಗತಿಗಳು ಹೊಸ ಕಟ್ಟಡಕ್ಕೆ ಹೋದವು. ಹೆಂಗಸರ ಶೌಚಾಲಯ ಹಳೇ ಕಟ್ಟಡದಲ್ಲೇ ಉಳಿಯಿತು. ನಡುವೆ ಜಲ್ಲಿ ರಾಶಿ, ಸಿಮೆಂಟು ಚೀಲ, ಅಗೆದ ಗುಂಡಿ ಎಲ್ಲ ಸುತ್ತಿಕೊಂಡು ಎಂಟು ನಿಮಿಷದ ದಾರಿ. ಹೊಸ ಕಟ್ಟಡದಲ್ಲೂ ಒಂದು ಇತ್ತು. ಅದರ ಬಾಗಿಲಿಗೆ "ಅತಿಥಿಗಳಿಗೆ ಮಾತ್ರ" ಅನ್ನೋ ಬೋರ್ಡು, ಅದರ ಕೆಳಗೆ ಮುಷ್ಟಿ ಗಾತ್ರದ ಬೀಗ. ಅತಿಥಿಗಳು ವರ್ಷಕ್ಕೆ ಎರಡು ಸಲ ಬರುತ್ತಿದ್ದರು, ಅದೂ ಎಲ್ಲ ಮುಗಿಸಿಕೊಂಡೇ.

ಕಳೆದ ಪರೀಕ್ಷೆಯಲ್ಲಿ ಅತ್ತಿಗೆ ನಡುವೆ ಎದ್ದುಹೋಗಿ ಬರುವಷ್ಟರಲ್ಲಿ ಹದಿನೆಂಟು ನಿಮಿಷ ಆಗಿತ್ತು. ಅಷ್ಟು ಹೊತ್ತು ಹೊರಗಿದ್ದವರಿಗೆ ಉತ್ತರ ಪತ್ರಿಕೆ ಮತ್ತೆ ಕೊಡುವುದಿಲ್ಲ ಎಂದರು ಮೇಲ್ವಿಚಾರಕರು. ಒಂದು ವಿಷಯ ಬಾಕಿಯಾಯಿತು. ಇನ್ನೊಂದು ಸಲ ಹೀಗಾದರೆ ವರ್ಷವೇ ಹೋಗುತ್ತದೆ, ಆಮೇಲೆ ಓದೂ ನಿಂತಂತೆಯೇ. ಮೂರು ಅರ್ಜಿ ಬರೆದರು. ಮೂರಕ್ಕೂ ಒಂದೇ ಉತ್ತರ: ವಿದ್ಯಾರ್ಥಿ ಸಂಘದ ಮೂಲಕ ಬರಬೇಕು. ಸರಿ, ಸಂಘಕ್ಕೇ ನಿಂತುಬಿಟ್ಟರು.

ಇದನ್ನು ಅತ್ತಿಗೆ ಯಾರಿಂದಲೂ ಮುಚ್ಚಿಡಲಿಲ್ಲ. ಕೇಳಿದವರಿಗೆಲ್ಲ "ಆ ಬೀಗ ತೆಗೆಸಬೇಕು ಕಣ್ರೋ" ಎಂದರು. ಎಡವಟ್ಟಾಗಿದ್ದೇ ಅಲ್ಲಿ. ಇಷ್ಟು ಸಣ್ಣ ಕಾರಣಕ್ಕೆ ಒಬ್ಬರು ಚುನಾವಣೆಗೆ ನಿಲ್ಲುತ್ತಾರೆಂದು ಒಂದು ನರಪಿಳ್ಳೆಯೂ ನಂಬಲಿಲ್ಲ.

ಗ್ರಂಥಾಲಯದ ಕಪಾಟಿನ ಆಚೆ ಇಬ್ಬರು ಹುಡುಗರು ಪಿಸುಗುಡುತ್ತಿದ್ದರು.

"ಆಂಟಿ ಟೈಲರ್ ಅಂತೆ, ಗೊತ್ತಾ?"

"ಅದಕ್ಕೇನೀಗ?"

"ಅಯ್ಯೋ ಮಂಕೇ. ಗೆದ್ದ ಮೇಲೆ ಎಲ್ಲರಿಗೂ ಸಮವಸ್ತ್ರ ಕಡ್ಡಾಯ ಮಾಡಿಸ್ತಾರೆ. ಐನೂರು ಜನರ ಬಟ್ಟೆ ಯಾರು ಹೊಲೀತಾರೆ?"

"ಓಹೋ. ಮೊನ್ನೆ ನನ್ನ ಭುಜ ನೋಡಿ ನಕ್ಕರು ಕಣೋ. ಅಳತೆ ತಗೊಂಡಿರಬೇಕು."

ಎದುರಾಳಿ ಮೂರನೇ ವರ್ಷದ ಹುಡುಗ. ಸಭೆ ಎಲ್ಲೇ ಇರಲಿ, ಕೈಯಲ್ಲಿ ಮೈಕು ಇರುತ್ತಿದ್ದುದರಿಂದ ಅವನಿಗೆ ಮೈಕಣ್ಣ ಎಂದೇ ಹೆಸರು. ಈಜುಕೊಳ ಕಟ್ಟಿಸುತ್ತೇನೆ ಎಂದಿದ್ದ. ಅದನ್ನು ಎಲ್ಲರೂ ನಂಬಿದ್ದರು.

ಅಷ್ಟರಲ್ಲಿ ಆಡಳಿತಾಧಿಕಾರಿಗಳು ನನ್ನನ್ನು ಕರೆಸಿದರು. "ಆ ಹೆಂಗಸು ನಿಮಗೇನಾಗಬೇಕು?"

"ದೂರದ ಸಂಬಂಧ ಸರ್" ಎಂದೆ. ಅಂದು ಬೆಳಿಗ್ಗೆ ಅತ್ತಿಗೆ ಕಟ್ಟಿಕೊಟ್ಟ ಊಟದ ಡಬ್ಬಿ ಕಂಕುಳಲ್ಲೇ ಇತ್ತು.

ಮಾರನೇ ದಿನ ಅತ್ತಿಗೆಯನ್ನೇ ಕರೆಸಿದರು. ಸಂಜೆ ಮನೆಗೆ ಬಂದ ಅತ್ತಿಗೆ ಊಟದ ಮೇಜಿನ ಮೇಲೆ ಒಂದು ಕೀಲಿಕೈ ಇಟ್ಟರು.

"ಏನಿದು?"

"ಆ ಬೀಗದ್ದು. ನಿಮಗೊಬ್ಬರಿಗೆ ಕೊಡ್ತೀವಿ, ನಾಮಪತ್ರ ವಾಪಸ್ ತಗೊಳ್ಳೋ ವಿಚಾರ ಯೋಚನೆ ಮಾಡಿ ಅಂದ್ರು. ಯೋಚನೆ ಮಾಡ್ತೀನಿ ಅಂತ ತಗೊಂಡು ಬಂದೆ."

"ಒಳ್ಳೇದಾಯ್ತಲ್ಲ ಅತ್ತಿಗೆ. ನಿಮ್ಮ ಪರೀಕ್ಷೆಗೆ ದಾರಿ ಆಯ್ತು. ನನ್ನ ಕೆಲಸವೂ..."

"ನಿನ್ನ ಕೆಲಸ ನೆನಪಾಯ್ತಾ? ದೂರದ ಸಂಬಂಧದವನಿಗೆ ಯಾಕಪ್ಪಾ ನನ್ನ ಚಿಂತೆ?"

ಸುದ್ದಿ ನನಗಿಂತ ಬೇಗ ಮನೆ ಸೇರಿತ್ತು. ಅಣ್ಣ ತಟ್ಟೆಯೊಳಗೇ ನಕ್ಕ.

ಅತ್ತಿಗೆಯ ಕೈಯಲ್ಲಿ ಕೀಲಿಕೈ ಕಂಡವರು ಯಾರೋ, ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಡಂಗುರ. ಟೈಲರ್ ಆಂಟಿ ಆಫೀಸಿನವರ ಜೊತೆ ಶಾಮೀಲಾಗಿದ್ದಾರೆ, ಇಂದೋ ನಾಳೆಯೋ ಹಿಂದೆ ಸರೀತಾರೆ. ಸುಳ್ಳೇಕೆ ಹೇಳಲಿ, ನನಗೂ ಹಾಗೇ ಅನ್ನಿಸಿತ್ತು. ಅಂದು ಮಧ್ಯಾಹ್ನ ಅವರು ತರಗತಿ ತಪ್ಪಿಸಿ ಪೇಟೆಯ ಕಡೆ ಹೋದಾಗಲಂತೂ ಖಾತ್ರಿಯೇ ಆಯಿತು. ಹಿಂಬಾಲಿಸಬೇಕೆಂದು ಹೊರಟವನು ಜಲ್ಲಿ ರಾಶಿಯಲ್ಲಿ ಚಪ್ಪಲಿಯ ಪಟ್ಟಿ ಕಿತ್ತುಕೊಂಡು ವಾಪಸು ಬಂದೆ.

ಅಭ್ಯರ್ಥಿಗಳ ಭಾಷಣದ ದಿನ. ಮೈಕಣ್ಣ ಈಜುಕೊಳದಲ್ಲಿ ಹತ್ತು ನಿಮಿಷ ಈಜಿದ. ಆಮೇಲೆ ಅತ್ತಿಗೆ ಎದ್ದರು. ಹಿಂದಿನ ಬೆಂಚಿನಿಂದ ಒಬ್ಬ, "ನಿಮಗಿದರಲ್ಲಿ ಏನು ಲಾಭ, ಅದನ್ನ ಮೊದಲು ಹೇಳಿ ಆಂಟಿ" ಎಂದ.

"ನನಗೆ ಒಂದಕ್ಕೆ ಹೋಗಬೇಕಪ್ಪಾ, ಅಷ್ಟೇ" ಎಂದರು ಅತ್ತಿಗೆ.

ನಗು ಅಡಗಲು ಸ್ವಲ್ಪ ಹೊತ್ತು ಹಿಡಿಯಿತು. ಹುಡುಗಿಯರ ಸಾಲು ಮಾತ್ರ ನಗಲಿಲ್ಲ.

"ಆಫೀಸಿನವರು ನನಗೊಬ್ಬಳಿಗೆ ಕೀಲಿಕೈ ಕೊಟ್ಟರು, ನಿಜ. ಯೋಚನೆ ಮಾಡಿ ಅಂದ್ರು, ಮಾಡಿದೆ" ಎಂದು ಅತ್ತಿಗೆ ಕೈಚೀಲ ಬಿಚ್ಚಿದರು. "ಒಂದು ಅಳತೆ ಸಿಕ್ಕಿದ ಮೇಲೆ ಹತ್ತು ಹೊಲಿಯೋದು ನಮಗೆ ಅಭ್ಯಾಸ. ಹೊಸ ಕಟ್ಟಡದಲ್ಲಿ ಒಂಬತ್ತು ತರಗತಿ ಇವೆ. ತರಗತಿಗೊಂದರಂತೆ ಒಂಬತ್ತು ಕೀಲಿಕೈ ಮಾಡಿಸಿದ್ದೀನಿ. ಬನ್ನಿ, ತಗೊಳ್ಳಿ."

ಒಬ್ಬೊಬ್ಬಳೇ ಹುಡುಗಿ ಎದ್ದುಬಂದು ತಗೊಂಡಳು. ಮುಂದಿನ ಸಾಲಿನಲ್ಲಿದ್ದ ಆಡಳಿತಾಧಿಕಾರಿಗಳು ತಮ್ಮ ಕೈಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಬೀಗ ಬದಲಾಯಿಸಬೇಕೆಂದರೆ ಕಾರಣವನ್ನು ಕಡತದಲ್ಲಿ ಬರೆಯಬೇಕು, ಏನೆಂದು ಬರೆದಾರು? ಬದಲಾಯಿಸಲಿಲ್ಲ.

ಚುನಾವಣೆಯಲ್ಲಿ ಅತ್ತಿಗೆ ಇಪ್ಪತ್ತಮೂರು ಮತಗಳಿಂದ ಸೋತರು. ಬಾಗಿಲು ತೆರೆದಾಯಿತಲ್ಲ, ಇನ್ನೇಕೆ ಮತ ಎಂದು ಕೆಲವರು. ಮತಕ್ಕಾಗಿಯೇ ಕೀಲಿಕೈ ಹಂಚಿದರು ಎಂದು ಇನ್ನು ಕೆಲವರು. ಹತ್ತನೆಯದೂ ಒಂದಿದೆಯಂತೆ, ಅದನ್ನು ಎಲ್ಲಿಟ್ಟಿದ್ದಾರೋ ಎಂದು ಮೈಕಣ್ಣನ ಕಡೆಯವರು ಬಹಳ ದಿನ ತಲೆ ಕೆಡಿಸಿಕೊಂಡರು.

ಬಾಕಿ ವಿಷಯದ ಪರೀಕ್ಷೆ ಮುಂದಿನ ತಿಂಗಳು ಬಂತು. ಅದೇ ಮೇಲ್ವಿಚಾರಕರು. ಮನೆಗೆ ಬಂದ ಅತ್ತಿಗೆಯನ್ನು, "ಹೋಗಬೇಕಾಯ್ತಾ?" ಎಂದು ಕೇಳಿದೆ.

"ಹೋದೆ. ಮೂರು ನಿಮಿಷಕ್ಕೆ ವಾಪಸ್ ಬಂದೆ. ಇಷ್ಟು ಬೇಗ ಹೇಗೆ ಬಂದ್ರಿ ಅಂತ ಅವರಿಗೆ ಅನುಮಾನ. ಎಲ್ಲೋ ಚೀಟಿ ನೋಡ್ಕೊಂಡು ಬಂದಿದೀನಿ ಅಂತ ಪಕ್ಕದಲ್ಲೇ ನಿಂತುಬಿಟ್ಟರು."

"ಆಮೇಲೆ?"

"ನಿಂತ್ಕೊಳ್ಳಲಿ ಅಂತ ಬರೀತಾ ಹೋದೆ. ಕೊನೇ ಪ್ರಶ್ನೆವರೆಗೂ ನಿಂತಿದ್ರು ಪಾಪ."